ಚಿತ್ರ ನೋಡಿ ಜಾಗ ಗುರುತಿಸುವುದು ಹೇಗೆ: ಕೊಡಗಿನ ಉದಾಹರಣೆಗಳೊಂದಿಗೆ ಸಮಗ್ರ ಮಾರ್ಗದರ್ಶಿ

ಮಂಜು ಮುಸುಕಿದ ಹುಲ್ಲುಬೆಟ್ಟದ ಚಿತ್ರವೊಂದನ್ನು ತೋರಿಸಿ ‘ಇದು ಯಾವ ಜಾಗ’ ಎಂದು ಕೇಳಿದರೆ ಬರುವ ಮೊದಲ ಉತ್ತರ ಮಾಂದಲ್‌ಪಟ್ಟಿ. ಜಲಪಾತವಾದರೆ ಅಬ್ಬಿ, ಕಾಫಿ ತೋಟವಾದರೆ ‘ಕೂರ್ಗ್‌ನಲ್ಲಿ ಎಲ್ಲೋ’, ಚಿನ್ನದ ಬಣ್ಣದ ಬುದ್ಧನಾದರೆ ‘ಕೊಡಗಿನ ಗೋಲ್ಡನ್ ಟೆಂಪಲ್’. ಈ ಉತ್ತರಗಳು ಆಗೊಮ್ಮೆ ಈಗೊಮ್ಮೆ ಸರಿಯಾಗುವುದುಂಟು, ಆದರೆ ಅದು ಲಾಟರಿ ಹೊಡೆದಂತೆ. ಉತ್ತರ ಹೇಳುವವರು ಮೊದಲು ಹೆಸರನ್ನು ನಿಶ್ಚಯಿಸಿಕೊಂಡು, ಆಮೇಲೆ ಆ ಹೆಸರಿಗೆ ಹೊಂದುವ ಕುರುಹುಗಳನ್ನು ಚಿತ್ರದಲ್ಲಿ ಹುಡುಕುತ್ತಾರೆ. ಮಂಜು, ಹಸಿರು, ಇಳಿಜಾರು ಪಶ್ಚಿಮ ಘಟ್ಟದ ಉದ್ದಕ್ಕೂ ಇರುವುದರಿಂದ ಹುಡುಕಿದವರಿಗೆ ಅವು ಸಿಕ್ಕೇ ಸಿಗುತ್ತವೆ.

ಹೆಸರು ಎಲ್ಲಕ್ಕಿಂತ ಕೊನೆಗೆ ಬರಬೇಕು. ಚಿತ್ರ ತೆಗೆದವರು ಯಾವುದನ್ನು ತೋರಿಸಲು ಕ್ಯಾಮೆರಾ ಹಿಡಿದರೋ ಆ ಭಾಗಕ್ಕಿಂತ, ಅವರ ಗಮನಕ್ಕೆ ಬಾರದೆ ಅಂಚಿನಲ್ಲಿ ಸೇರಿಕೊಂಡ ವಿದ್ಯುತ್ ಪರಿವರ್ತಕ, ಮೈಲಿಗಲ್ಲು, ಅರ್ಧ ಕಾಣುವ ಆಟೊರಿಕ್ಷಾ ಇವು ಜಾಗದ ಬಗ್ಗೆ ಹೆಚ್ಚು ಹೇಳುತ್ತವೆ. ಮುಂದಿನ ಹಂತಗಳನ್ನು ಕೊಟ್ಟ ಕ್ರಮದಲ್ಲಿಯೇ ಅನುಸರಿಸುವುದು ಮುಖ್ಯ, ಏಕೆಂದರೆ ಒಂದು ಹಂತ ಬಿಟ್ಟು ಮುಂದಕ್ಕೆ ಹೋದವರು ಸಾಮಾನ್ಯವಾಗಿ ಎಡವುವುದು ಬಿಟ್ಟ ಹಂತದಲ್ಲೇ.

## ಬೇಕಾಗುವ ಸಾಧನಗಳು

ಮೊದಲನೆಯದು ದೊಡ್ಡ ಪರದೆ. ಮೊಬೈಲಿನಲ್ಲಿ ನೋಡಿದಾಗ ಹಸಿರು ಮಸುಕಾಗಿ ಕಾಣುವ ಮೂಲೆಯಲ್ಲಿ ಒಂದು ನಾಮಫಲಕ ಇರುವ ಸಾಧ್ಯತೆ ಇದೆ, ಅದು ಲ್ಯಾಪ್‌ಟಾಪಿನಲ್ಲಿ ಮಾತ್ರ ತಿಳಿಯುತ್ತದೆ. ಎರಡನೆಯದು ಹಾಳೆ ಮತ್ತು ಪೆನ್ನು. ಉಳಿದವು ಉಚಿತವಾಗಿ ಸಿಗುತ್ತವೆ: ಚಿತ್ರದಿಂದ ಚಿತ್ರ ಹುಡುಕಲು ಗೂಗಲ್ ಲೆನ್ಸ್, ಉಪಗ್ರಹ ನೋಟಕ್ಕೆ ಗೂಗಲ್ ಮ್ಯಾಪ್ಸ್, ಬೆಟ್ಟದ ಸಾಲನ್ನು ಓರೆಯಾಗಿ ನೋಡಲು ಮತ್ತು ಹಳೆಯ ಉಪಗ್ರಹ ಚಿತ್ರಗಳಿಗಾಗಿ ಕಂಪ್ಯೂಟರಿನ ಗೂಗಲ್ ಅರ್ಥ್, ಸೂರ್ಯನ ದಿಕ್ಕನ್ನು ದಿನ ಮತ್ತು ಗಂಟೆಗೆ ತಕ್ಕಂತೆ ತೋರಿಸುವ ಸನ್‌ಕ್ಯಾಲ್ಕ್, ಹಾಗೂ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಯಾವುದಾದರೂ ಫೋಟೊ ಆ್ಯಪ್.

## ಹಂತ 1: ಚಿತ್ರವನ್ನೇ ಮೊದಲು ಪರೀಕ್ಷಿಸಿ

ಸಾಧ್ಯವಿದ್ದರೆ ಮೂಲ ಕಡತವನ್ನೇ ಕೇಳಿ ಪಡೆಯಿರಿ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ದಿನಾಂಕ, ಕ್ಯಾಮೆರಾದ ವಿವರ, ಕೆಲವೊಮ್ಮೆ ಅಕ್ಷಾಂಶ ಮತ್ತು ರೇಖಾಂಶಗಳೂ ದಾಖಲಾಗಿರುತ್ತವೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ಈ ಮಾಹಿತಿ ಅಳಿದುಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿಯುತ್ತದೆ. ಜಾಗ ಗುರುತಿಸುವ ಸ್ಪರ್ಧೆಗೆ ಬಂದ ಚಿತ್ರವಾದರೆ ಈ ಒಳಮಾಹಿತಿಯನ್ನು ಬಳಸುವುದು ಆಟದ ನಿಯಮಕ್ಕೆ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಅನಂತರ ಚಿತ್ರ ಎಡ–ಬಲ ತಿರುಗಿದೆಯೇ ಎಂದು ನೋಡಬೇಕು. ಸೆಲ್ಫಿ ಕ್ಯಾಮೆರಾದಲ್ಲಿ ಇದು ಸಾಮಾನ್ಯ. ಅಕ್ಷರಗಳಿದ್ದರೆ ತಕ್ಷಣ ತಿಳಿಯುತ್ತದೆ. ಇಲ್ಲದಿದ್ದರೆ ಅಂಗಿಯ ಗುಂಡಿಯ ಸಾಲು, ವಾಹನದ ಸ್ಟೀರಿಂಗ್ ಇರುವ ಬದಿ, ರಸ್ತೆಯಲ್ಲಿ ವಾಹನಗಳು ಎಡಕ್ಕೆ ಚಲಿಸುತ್ತಿವೆಯೇ ಎಂಬುದು ನೆರವಾಗುತ್ತದೆ. ತಿರುಗಿದ ಚಿತ್ರದಲ್ಲಿ ಬೆಟ್ಟದ ಸಾಲನ್ನು ಎಷ್ಟು ಹುಡುಕಿದರೂ ಭೂಪಟದಲ್ಲಿ ಹೊಂದುವುದಿಲ್ಲ.

ಎಚ್ಚರಿಕೆಯ ಸೂಚನೆಗಳು ಎರಡು. ಫಲಕದ ಮೇಲಿನ ಅಕ್ಷರಗಳು ಯಾವ ಲಿಪಿಗೂ ಸೇರದಂತಿದ್ದರೆ, ವಿದ್ಯುತ್ ತಂತಿಗಳು ಕಂಬ ಮುಟ್ಟದೆ ಗಾಳಿಯಲ್ಲಿ ಮುಗಿದರೆ, ಅದು ಯಂತ್ರ ಸೃಷ್ಟಿಸಿದ ಚಿತ್ರವಿರಬಹುದು. ಹಾಗೆಯೇ, ಆಕಾಶ ಕಡು ಕಿತ್ತಳೆಯಾಗಿದ್ದು ನೆಲದ ನೆರಳುಗಳು ನಡುಹಗಲಿನಂತೆ ಗಿಡ್ಡವಾಗಿದ್ದರೆ ಆಕಾಶವನ್ನು ಬದಲಾಯಿಸಿದ್ದಾರೆ. ಇಂತಹ ಚಿತ್ರಗಳ ಮೇಲೆ ಸಮಯ ಕಳೆಯಬೇಡಿ.

## ಹಂತ 2: ಹುಡುಕುವ ಮೊದಲು ಬರೆದಿಟ್ಟುಕೊಳ್ಳಿ

ಗೂಗಲ್ ಲೆನ್ಸ್ ತೆರೆಯುವ ಮುನ್ನ ಚಿತ್ರದಲ್ಲಿ ಕಾಣುವುದನ್ನೆಲ್ಲ ಹಾಳೆಯ ಮೇಲೆ ಬರೆಯಬೇಕು. ಲೆನ್ಸ್ ಒಮ್ಮೆ ‘ಮುನ್ನಾರ್’ ಎಂದು ತೋರಿಸಿದ ಮೇಲೆ ಕಣ್ಣು ಮುನ್ನಾರನ್ನೇ ನೋಡತೊಡಗುತ್ತದೆ. ಅದನ್ನು ಮರೆತು ಚಿತ್ರವನ್ನು ಹೊಸದಾಗಿ ನೋಡುವುದು ಬಹಳ ಕಷ್ಟ.

ಚಿತ್ರವನ್ನು ಒಂಬತ್ತು ಚೌಕಗಳಾಗಿ ಕಲ್ಪಿಸಿಕೊಂಡು, ನಾಲ್ಕು ಮೂಲೆಗಳಿಂದ ಆರಂಭಿಸಿ, ನಡುವಿನ ಚೌಕವನ್ನು ಕೊನೆಗೆ ಬಿಡಿ. ಬರೆಯುವಾಗ ತೀರ್ಮಾನ ಬರೆಯಬಾರದು, ಕಂಡದ್ದನ್ನು ಮಾತ್ರ ಬರೆಯಬೇಕು. ‘ಕೊಡವರ ಮನೆ’ ಎಂಬುದು ತೀರ್ಮಾನ. ‘ಹೆಂಚಿನ ಮಾಡು, ಎತ್ತರದ ಜಗಲಿ, ಕೆತ್ತನೆಯ ಮರದ ಕಂಬ, ಮುಂದೆ ಕಲ್ಲಿನ ಮೆಟ್ಟಿಲು’ ಎಂಬುದು ವಿವರ. ತೀರ್ಮಾನ ಬರೆದುಕೊಂಡವರಿಗೆ ಅದೇ ಮನೆ ಸುಳ್ಯದಲ್ಲಿಯೂ ಇರಬಹುದೆಂಬುದು ಹೊಳೆಯುವುದೇ ಇಲ್ಲ.

## ಹಂತ 3: ಎಲ್ಲಿ ಅಲ್ಲ ಎಂಬುದನ್ನು ಮೊದಲು ತೀರ್ಮಾನಿಸಿ

ಜಾಗವನ್ನು ಗುರುತಿಸುವುದಕ್ಕಿಂತ ಜಾಗಗಳನ್ನು ಕೈಬಿಡುವುದು ಸುಲಭ, ಹಾಗಾಗಿ ಅದನ್ನೇ ಮೊದಲು ಮಾಡಬೇಕು. ಕೊಡಗಿನ ಮಟ್ಟಿಗೆ ಅತ್ಯಂತ ಖಚಿತವಾದ ಕುರುಹು ರೈಲು ಹಳಿ. ಜಿಲ್ಲೆಯಲ್ಲಿ ರೈಲು ಮಾರ್ಗವೇ ಇಲ್ಲದಿರುವುದರಿಂದ, ಕಾಡಿನ ನಡುವೆ ಹಳಿಯೂ ಸುರಂಗವೂ ಕಂಡರೆ ಸಕಲೇಶಪುರದ ಕಡೆ ಯೋಚಿಸಬೇಕೇ ಹೊರತು ಕೊಡಗಿನ ಕಡೆಗಲ್ಲ. (ಮಡಿಕೇರಿಯ ರಾಜಾಸೀಟ್ ಬಳಿಯ ಮಕ್ಕಳ ಪುಟಾಣಿ ರೈಲಿನ ಹಳಿಯನ್ನು ಇದಕ್ಕೆ ಸೇರಿಸುವುದು ಬೇಡ.) ಬೆಟ್ಟದ ತುಂಬ ಕತ್ತರಿಸಿ ಜೋಡಿಸಿದಂತೆ ಚಹಾ ಗಿಡಗಳಿದ್ದರೆ ಮುನ್ನಾರ್, ವಯನಾಡು, ನೀಲಗಿರಿ ಮುಂದೆ ಬರುತ್ತವೆ. ದಕ್ಷಿಣ ಕೊಡಗಿನಲ್ಲಿ ಚಹಾ ತೋಟ ಇಲ್ಲವೇ ಇಲ್ಲ ಎನ್ನುವಂತಿಲ್ಲ, ಆದರೆ ದೃಷ್ಟಿ ಹರಿಯುವವರೆಗೂ ಚಹಾ ಎಂಬ ನೋಟ ಇಲ್ಲಿನದಲ್ಲ. ಹೊಗೆಸೊಪ್ಪು ಹದ ಮಾಡುವ ಎತ್ತರದ ಬ್ಯಾರನ್‌ಗಳು ಕಂಡರೆ ಅದು ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯ ಕಡೆ.

ಇದರಲ್ಲಿ ಒಂದು ಅಪಾಯವಿದೆ. ಅಡಿಕೆ ಮತ್ತು ರಬ್ಬರ್ ಕಂಡಕೂಡಲೇ ‘ಇದು ದಕ್ಷಿಣ ಕನ್ನಡ’ ಎಂದು ಕೊಡಗನ್ನು ಕೈಬಿಡುವವರು ಬಹಳ. ಘಟ್ಟ ಇಳಿದ ಮೇಲಿನ ಸಂಪಾಜೆ, ಚೆಂಬು, ಪೆರಾಜೆ ಕೊಡಗು ಜಿಲ್ಲೆಗೇ ಸೇರಿದ್ದರೂ ನೋಟಕ್ಕೆ ಸುಳ್ಯದಂತೆಯೇ ಇವೆ. ಹಾಗೆಯೇ ಪೂರ್ವದ ಕುಶಾಲನಗರದ ಕಡೆ ಮಳೆ ಕಡಿಮೆ, ನೆಲ ಹೆಚ್ಚು ಸಮತಟ್ಟು. ‘ಬೆಟ್ಟವೇ ಕಾಣುತ್ತಿಲ್ಲ, ಕೊಡಗು ಹೇಗಾದೀತು’ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ.

ಅತಿ ಹೆಚ್ಚು ಜನ ತಪ್ಪುವ ಜಾಗಗಳೆಲ್ಲ ಜಿಲ್ಲೆಯ ಗಡಿಯಲ್ಲಿವೆ. ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠ, ಅಂದರೆ ಎಲ್ಲರೂ ‘ಕೊಡಗಿನ ಗೋಲ್ಡನ್ ಟೆಂಪಲ್’ ಎನ್ನುವುದು, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ. ಕುಶಾಲನಗರದ ಕಾವೇರಿ ಸೇತುವೆ ದಾಟಿದರೆ ಕೊಡಗು ಮುಗಿಯಿತು. ಕಬಿನಿ ಹಿನ್ನೀರಿನಲ್ಲಿ ಒಣಮರಗಳು ನಿಂತಿರುವ ಚಿತ್ರವನ್ನು ‘ನಾಗರಹೊಳೆ, ಕೊಡಗು’ ಎನ್ನುವುದುಂಟು. ನಾಗರಹೊಳೆ ಎರಡೂ ಜಿಲ್ಲೆಗಳಲ್ಲಿ ಹರಡಿದೆ ನಿಜ, ಆದರೆ ಆ ಹಿನ್ನೀರು ಎಚ್.ಡಿ. ಕೋಟೆಯ ಕಡೆಯದು. 1712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಸೋಮವಾರಪೇಟೆಯ ಕಡೆಯಿಂದಲೂ ಕುಕ್ಕೆ ಸುಬ್ರಹ್ಮಣ್ಯದಿಂದಲೂ ಹತ್ತುತ್ತಾರೆ, ಆದ್ದರಿಂದ ಚಾರಣದ ದಾರಿಯ ಚಿತ್ರವಾದರೆ ಯಾವ ಬದಿ ಎಂಬುದನ್ನು ಹೇಳದೆ ಉತ್ತರ ಪೂರ್ಣವಾಗುವುದಿಲ್ಲ.

## ಹಂತ 4: ಅಕ್ಷರ ಮತ್ತು ಅಂಕಿಗಳನ್ನು ಓದಿ

ಹೆಚ್ಚಿನ ಚಿತ್ರಗಳು ಈ ಹಂತದಲ್ಲಿಯೇ ಬಿಡಿಸಿಕೊಳ್ಳುತ್ತವೆ, ಆದ್ದರಿಂದ ಇಲ್ಲಿ ಎಷ್ಟು ಹೊತ್ತು ಕಳೆದರೂ ನಷ್ಟವಿಲ್ಲ. ಮಸುಕಾದ ಫಲಕವನ್ನು ಓದಲು ಚಿತ್ರವನ್ನು ಹಿಗ್ಗಿಸುವುದಕ್ಕಿಂತ, ಕಪ್ಪು–ಬಿಳುಪು ಮಾಡಿ ಬೆಳಕಿನ ವ್ಯತ್ಯಾಸ ಹೆಚ್ಚಿಸಿ, ದೂರದಿಂದ ನೋಡುವುದು ಹೆಚ್ಚು ಫಲ ಕೊಡುತ್ತದೆ.

ಲಿಪಿ. ಕೇರಳದ ಗಡಿಯಲ್ಲಿರುವ ಕುಟ್ಟ ಮತ್ತು ಮಾಕುಟ್ಟದ ಕಡೆ ಕನ್ನಡದ ಜೊತೆ ಮಲಯಾಳದ ಬರಹ ಸಹಜ, ಬೈಲುಕುಪ್ಪೆಯ ಸುತ್ತ ಟಿಬೆಟನ್ ಲಿಪಿ ಸಹಜ. ಒಂದೇ ಒಂದು ಮಲಯಾಳಂ ಫಲಕ ನೋಡಿ ಕೇರಳ ಎಂದು ತೀರ್ಮಾನಿಸಬೇಡಿ. ಸರ್ಕಾರಿ ಫಲಕ ಯಾವ ಭಾಷೆಯಲ್ಲಿದೆ ಎಂದು ಹುಡುಕಿ. ಅಂಗಡಿಯವರು ಗಿರಾಕಿಗಳಿಗೆ ತಿಳಿಯುವ ಭಾಷೆಯಲ್ಲಿ ಬರೆಸುತ್ತಾರೆ, ಶಾಲೆ ಮತ್ತು ಪಂಚಾಯಿತಿಯ ಫಲಕ ರಾಜ್ಯದ ಭಾಷೆಯಲ್ಲಿರುತ್ತದೆ.

ತಾಲ್ಲೂಕಿನ ಹೆಸರು. ಸರ್ಕಾರಿ ಶಾಲೆಯ ಫಲಕದಲ್ಲಿ ಊರು ಮತ್ತು ತಾಲ್ಲೂಕು ಎರಡೂ ಇರುತ್ತವೆ. ಕುಶಾಲನಗರ ಮತ್ತು ಪೊನ್ನಂಪೇಟೆ ತಾಲ್ಲೂಕುಗಳು ಈಚೆಗೆ ರಚನೆಯಾದವು, ಹಾಗಾಗಿ ಹಳೆಯ ಫಲಕಗಳಲ್ಲಿ ಅವೇ ಊರುಗಳು ಸೋಮವಾರಪೇಟೆ ಅಥವಾ ವಿರಾಜಪೇಟೆ ತಾಲ್ಲೂಕು ಎಂದಿರುತ್ತವೆ. ಗೋಣಿಕೊಪ್ಪಲಿನ ಹಳೆಯ ಫಲಕದಲ್ಲಿ ವಿರಾಜಪೇಟೆ ತಾಲ್ಲೂಕು ಎಂದು ಓದಿ ವಿರಾಜಪೇಟೆ ಪಟ್ಟಣದ ಸುತ್ತ ಹುಡುಕುತ್ತ ಕೂರುವುದು ಸಾಮಾನ್ಯ ತಪ್ಪು.

ಪಿನ್ ಕೋಡ್ ಮತ್ತು ದೂರವಾಣಿ ಸಂಖ್ಯೆ. ಅಂಗಡಿಯ ಫಲಕದ ಕೆಳಸಾಲನ್ನು ಯಾರೂ ಓದುವುದಿಲ್ಲ, ಉತ್ತರ ಇರುವುದು ಅಲ್ಲಿಯೇ. ಕೊಡಗಿನ ಪಿನ್ ಕೋಡ್‌ಗಳು ಬಹುತೇಕ 5712ರಿಂದ ಆರಂಭವಾಗುತ್ತವೆ: ಮಡಿಕೇರಿ 571201, ಗೋಣಿಕೊಪ್ಪಲು 571213, ವಿರಾಜಪೇಟೆ 571218, ಕುಶಾಲನಗರ 571234, ಸೋಮವಾರಪೇಟೆ 571236. ಬೈಲುಕುಪ್ಪೆ 571104. ಹಳೆಯ ಫಲಕಗಳಲ್ಲಿ ಸ್ಥಿರ ದೂರವಾಣಿಯ ಸಂಖ್ಯೆ ಇದ್ದರೆ 08272 ಮಡಿಕೇರಿ, 08274 ವಿರಾಜಪೇಟೆ, 08276 ಸೋಮವಾರಪೇಟೆಯ ಕಡೆ.

ವಾಹನದ ನಂಬರು. ಕೆಎ–12 ಕೊಡಗಿನದು. ಆದರೆ ಪ್ರವಾಸಿ ತಾಣದ ಪಾರ್ಕಿಂಗ್ ಜಾಗದಲ್ಲಿ ನಿಂತಿರುವ ಕಾರುಗಳು ಏನನ್ನೂ ಹೇಳುವುದಿಲ್ಲ. ವಾರಾಂತ್ಯದಲ್ಲಿ ಅಲ್ಲಿ ಬೆಂಗಳೂರಿನ ನಂಬರುಗಳೇ ತುಂಬಿರುತ್ತವೆ. ಆಟೊರಿಕ್ಷಾ, ಬಾಡಿಗೆ ಜೀಪು, ಅಂಗಡಿ ಮುಂದಿನ ಹಳೆಯ ಸ್ಕೂಟರು ಇವನ್ನು ನಂಬಿ, ಅದರಲ್ಲಿಯೂ ಆಟೊವನ್ನು ಹೆಚ್ಚು ನಂಬಿ, ಏಕೆಂದರೆ ಅದು ತನ್ನ ಊರು ಬಿಟ್ಟು ದೂರ ಹೋಗುವುದು ಅಪರೂಪ. ಕೆಎ–18 ಚಿಕ್ಕಮಗಳೂರು, ಕೆಎ–46 ಸಕಲೇಶಪುರ, ಕೆಎಲ್–12 ವಯನಾಡು, ಕೆಎಲ್–13 ಕಣ್ಣೂರು ಎಂಬಷ್ಟು ನೆನಪಿದ್ದರೆ ನೆರೆಹೊರೆಯ ಗೊಂದಲ ಬಹುಪಾಲು ತೀರುತ್ತದೆ. ಸರ್ಕಾರಿ ಬಸ್ಸಿನ ನಂಬರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮಡಿಕೇರಿ ಡಿಪೋ ಪುತ್ತೂರು ವಿಭಾಗಕ್ಕೆ ಸೇರಿರುವುದರಿಂದ ಅಪ್ಪಟ ಕೊಡಗಿನ ಹಳ್ಳಿಯಲ್ಲಿ ನಿಂತ ಬಸ್ಸು ಕರಾವಳಿಯ ನಂಬರು ಹೊತ್ತಿರಬಹುದು. ಬಸ್ಸಿನಲ್ಲಿ ಓದಬೇಕಾದದ್ದು ಮುಂದಿನ ಊರಿನ ಬೋರ್ಡು.

ಮೈಲಿಗಲ್ಲು. ಹಳದಿ ತಲೆಯ ಕಲ್ಲು ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯದು ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣದ್ದು ಗ್ರಾಮೀಣ ರಸ್ತೆ. ಹಳದಿ ಕಲ್ಲು ಕಂಡರೆ ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ, ಸಂಪಾಜೆಯನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 275ನ್ನು ಮೊದಲು ಪರಿಶೀಲಿಸಬಹುದು. ಕಲ್ಲಿನ ಮೇಲೆ ಒಂದೇ ಊರಿನ ದೂರವಿದ್ದರೆ ಆ ಊರಿನ ಸುತ್ತ ಎಲ್ಲ ದಿಕ್ಕಿಗೂ ಹುಡುಕಬೇಕಾಗುತ್ತದೆ. ಎರಡು ಊರುಗಳ ದೂರವಿದ್ದರೆ ರಸ್ತೆಯ ಮೇಲಿನ ಜಾಗ ನಿಗದಿಯಾದಂತೆ. ಮಡಿಕೇರಿ ಮತ್ತು ಕುಶಾಲನಗರ ಎರಡಕ್ಕೂ ಸುಮಾರು 15 ಕಿ.ಮೀ. ಎಂದಿದ್ದರೆ ಸುಂಟಿಕೊಪ್ಪದ ಆಸುಪಾಸು ಎಂದು ನಿಶ್ಚಿಂತೆಯಿಂದ ಹೇಳಬಹುದು.

ವಿದ್ಯುತ್ ಪರಿವರ್ತಕ. ಇದನ್ನು ನೋಡುವ ಅಭ್ಯಾಸ ಬಹಳ ಕಡಿಮೆ ಜನರಿಗಿದೆ, ಆದರೆ ಕಾಫಿ ನಾಡುಗಳನ್ನು ಬೇರ್ಪಡಿಸಲು ಇದರಷ್ಟು ಒಳ್ಳೆಯ ಸಾಧನ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೊಡಗು, ಹಾಸನ, ಮೈಸೂರು ಜಿಲ್ಲೆಗಳು ಸೆಸ್ಕ್ ಎಂಬ ವಿದ್ಯುತ್ ಕಂಪನಿಯ ವ್ಯಾಪ್ತಿಯಲ್ಲಿವೆ. ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಮೆಸ್ಕಾಂ ವ್ಯಾಪ್ತಿಯಲ್ಲಿವೆ. ಗಡಿ ದಾಟಿದರೆ ಕೇರಳದ ಕೆಎಸ್‌ಇಬಿ. ಪರಿವರ್ತಕದ ಫಲಕದ ಮೇಲೆ ಮೆಸ್ಕಾಂ ಎಂದು ಓದಲು ಸಿಕ್ಕರೆ, ತೋಟ ಎಷ್ಟೇ ಕೊಡಗಿನಂತೆ ಕಂಡರೂ ಅದು ಕೊಡಗಲ್ಲ.

ಮನೆತನದ ಹೆಸರುಗಳು. ಫಲಕದಲ್ಲಿ ‘ಅಂಡ’, ‘ಮಾಡ’, ‘ಈರ’ ಎಂದು ಕೊನೆಯಾಗುವ ಮನೆತನದ ಹೆಸರುಗಳು ಕೊಡಗಿನ ಕಡೆಗೆ ಬೆರಳು ತೋರಿಸುತ್ತವೆ, ಆದರೆ ಅಷ್ಟೇ. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ನೆಲೆಸಿದ ಕೊಡವ ಕುಟುಂಬಗಳ ಮನೆಯ ಗೇಟಿನ ಮೇಲೂ ಅದೇ ಹೆಸರು ಇರುತ್ತದೆ. ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯ–ಚೇಲೆ ತೊಟ್ಟವರ ಚಿತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮದುವೆಯ ಚಿತ್ರ ಯಾವ ನಗರದ ಛತ್ರದ್ದೂ ಆಗಬಹುದು, ಮೇಲಾಗಿ ಕೊಡಗಿನ ಅರೆಭಾಷೆ ಗೌಡರ ಉಡುಪೂ ಅದನ್ನೇ ಹೋಲುತ್ತದೆ. ಉಡುಪು ಜನರನ್ನು ಗುರುತಿಸುತ್ತದೆ, ನೆಲವನ್ನಲ್ಲ.

## ಹಂತ 5: ಬೆಳೆಯಿಂದ ತಿಂಗಳನ್ನು ತಿಳಿಯಿರಿ

ತಿಂಗಳು ಗೊತ್ತಾದರೆ ಜಾಗ ಅರ್ಧ ಗೊತ್ತಾದಂತೆ, ಏಕೆಂದರೆ ಮುಂದಿನ ಹಂತದ ನೆರಳಿನ ಲೆಕ್ಕಕ್ಕೆ ತಿಂಗಳು ಬೇಕು.

ಕೊಡಗಿನ ಗದ್ದೆಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಭತ್ತದ ಬೆಳೆ. ನೀರು ತುಂಬಿ ಕನ್ನಡಿಯಂತಿರುವ ಗದ್ದೆ ಜುಲೈ–ಆಗಸ್ಟ್, ಗಾಢ ಹಸಿರು ಸೆಪ್ಟೆಂಬರ್–ಅಕ್ಟೋಬರ್, ಹಳದಿ ತಿರುಗಿದ್ದರೆ ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ಆಸುಪಾಸಿನ ನವೆಂಬರ್–ಡಿಸೆಂಬರ್, ಬರೀ ಕೂಳೆ ಉಳಿದು ಹುಡುಗರು ಹಾಕಿ ಆಡುತ್ತಿದ್ದರೆ ಬೇಸಿಗೆ. ಕಾಫಿ ಹೂವಿಗೆ ಮಳೆ ಬೇಕು. ಹೂಮಳೆ ಬಿದ್ದು ಒಂದು ವಾರದಿಂದ ಹತ್ತು ದಿನದೊಳಗೆ ತೋಟ ಬೆಳ್ಳಗಾಗಿ ಕೆಲವೇ ದಿನಗಳಲ್ಲಿ ಬಾಡುತ್ತದೆ. ಇದು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಸಮಾಚಾರ. ಸ್ಪ್ರಿಂಕ್ಲರ್ ನೀರಿನಿಂದ ಹೂ ಬರಿಸುವವರ ರೊಬಸ್ಟಾ ತೋಟ ಅಕ್ಕಪಕ್ಕದ ತೋಟಕ್ಕಿಂತ ಮೊದಲೇ ಅರಳಿರುತ್ತದೆ, ಹಾಗಾಗಿ ಹೂವಿನಿಂದ ದಿನಾಂಕವನ್ನು ಬಿಗಿಯಾಗಿ ಹೇಳುವ ಸಾಹಸ ಬೇಡ. ಕೆಂಪು ಹಣ್ಣು ತುಂಬಿದ ಅರೇಬಿಕಾ ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದರ ನಂತರ ಮಾರ್ಚ್‌ವರೆಗೆ.

ಎರಡು ತಳಿಗಳ ವ್ಯತ್ಯಾಸ ಜಾಗವನ್ನೂ ಸೂಚಿಸುತ್ತದೆ. ದೊಡ್ಡದಾಗಿ ಅಲೆಅಲೆಯಾಗಿರುವ ಎಲೆ ರೊಬಸ್ಟಾದ್ದು, ಚಿಕ್ಕದಾಗಿ ಹೊಳೆಯುವುದು ಅರೇಬಿಕಾದ್ದು. ಕೊಡಗಿನಲ್ಲಿ ಎರಡೂ ಇವೆ, ರೊಬಸ್ಟಾದ ಪಾಲು ಹೆಚ್ಚು, ದಕ್ಷಿಣಕ್ಕೆ ಹೋದಂತೆ ಇನ್ನೂ ಹೆಚ್ಚು. ಚಿಕ್ಕಮಗಳೂರಿನ ಎತ್ತರದ ಇಳಿಜಾರುಗಳಲ್ಲಿ ಅರೇಬಿಕಾ ಪ್ರಧಾನ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ ಮಾತ್ರ ಎಲ್ಲೆಡೆ ಒಂದೇ ತೆರನಾಗಿರುವುದರಿಂದ ಅದರಿಂದ ಪ್ರಯೋಜನವಿಲ್ಲ.

ಹಲವು ವರ್ಷಗಳಿಗೊಮ್ಮೆ ಅರಳುವ ಕುರಿಂಜಿ ಹೂವಿನ ನೀಲಿ ಬೆಟ್ಟ ಕಂಡರೆ ವರ್ಷವನ್ನೇ ಊಹಿಸಬಹುದು. ಮಾಂದಲ್‌ಪಟ್ಟಿ ಮತ್ತು ಕೋಟೆಬೆಟ್ಟದ ಕಡೆ 2021ರ ಆಗಸ್ಟ್‌ನಲ್ಲಿ, ಚಿಕ್ಕಮಗಳೂರಿನ ಗಿರಿಗಳಲ್ಲಿ 2022ರಲ್ಲಿ ಅದು ಅರಳಿತ್ತು.

## ಹಂತ 6: ನೆರಳಿನಿಂದ ದಿಕ್ಕು

ಕೊಡಗು ಸುಮಾರು 12ರಿಂದ 12.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಗಡಿಯಾರದಲ್ಲಿ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ವರ್ಷದ ಹೆಚ್ಚು ಕಾಲ ಆ ಹೊತ್ತಿನ ನೆರಳು ಉತ್ತರಕ್ಕೆ ಬೀಳುತ್ತದೆ, ಆದರೆ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುವುದರಿಂದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ ನಂತರ ಇಲ್ಲಿ ನೆರಳೇ ಅಪರೂಪ, ಆದ್ದರಿಂದ ಎಚ್ಚರದಿಂದಿರಬೇಕಾದ ತಿಂಗಳು ಮೇ.

ಮುಂಜಾನೆಯೋ ಸಂಜೆಯೋ ಎಂಬುದು ಚಿತ್ರದ ಬಣ್ಣದಿಂದ ತಿಳಿಯುವುದಿಲ್ಲ. ಹುಲ್ಲಿನ ಮೇಲೆ ಇಬ್ಬನಿ, ಮುಚ್ಚಿದ ಅಂಗಡಿಗಳು, ಕಣಿವೆಯ ತಳದಲ್ಲಿ ಕೂತ ಮಂಜು ಮುಂಜಾನೆಯ ಕಡೆ ತೂಗುತ್ತವೆ. ಕೊಡಗಿನ ಮನೆತನಗಳ ಹಿರಿಯರ ಮನೆಗಳಾದ ಐನ್‌ಮನೆಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ, ಹಾಗಾಗಿ ಜಗಲಿಗೆ ನೇರವಾಗಿ ಬಿಸಿಲು ಬಿದ್ದಿದ್ದರೆ ಬೆಳಗ್ಗೆ. ರಾಜಾಸೀಟ್ ಪಶ್ಚಿಮದ ಕಣಿವೆಗೆ ತೆರೆದುಕೊಂಡಿದೆ. ಅಲ್ಲಿನ ಕಟಕಟೆಯಾಚೆ ಸೂರ್ಯ ಕಾಣುತ್ತಿದ್ದು ‘ಸೂರ್ಯೋದಯ’ ಎಂಬ ಶೀರ್ಷಿಕೆ ಇದ್ದರೆ ಜಾಗ ತಪ್ಪು ಅಥವಾ ಶೀರ್ಷಿಕೆ ತಪ್ಪು.

## ಹಂತ 7: ಕಟ್ಟಡಗಳ ಜೋಡಿ ಗೊಂದಲ

ಗುಮ್ಮಟವೆಂದರೆ ಮಸೀದಿ ಎಂದುಕೊಳ್ಳುವವರು ಮಡಿಕೇರಿಯಲ್ಲಿ ಎರಡು ಸಲ ಎಡವುತ್ತಾರೆ. 1820ರಲ್ಲಿ ಲಿಂಗರಾಜೇಂದ್ರನ ಕಾಲದಲ್ಲಿ ಪೂರ್ಣಗೊಂಡ ಓಂಕಾರೇಶ್ವರ ದೇವಾಲಯಕ್ಕೆ ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಗೋಪುರಗಳು. ರಾಜರ ಸಮಾಧಿಯಾದ ಗದ್ದಿಗೆಗೂ ಅದೇ ಬಗೆಯ ಗುಮ್ಮಟ. ಕಟ್ಟಡದ ಮುಂದೆ ಕಲ್ಯಾಣಿಯೂ ಅದರ ನಡುವೆ ಮಂಟಪವೂ ಇದ್ದರೆ ಓಂಕಾರೇಶ್ವರ. ಹುಲ್ಲುಹಾಸಿನ ನಡುವೆ ಒಂದಕ್ಕಿಂತ ಹೆಚ್ಚು ಗುಮ್ಮಟದ ಕಟ್ಟಡಗಳು ಬಿಡಿಬಿಡಿಯಾಗಿ ನಿಂತಿದ್ದರೆ ಗದ್ದಿಗೆ. ಗಾರೆಯಲ್ಲಿ ಮಾಡಿದ ಎರಡು ಆನೆಗಳು ಕಂಡರೆ ಮಡಿಕೇರಿ ಕೋಟೆ, ಇದರಲ್ಲಿ ಗೊಂದಲವಿಲ್ಲ.

ಇಳಿಜಾರು ಮಾಡಿನ ದೇವಾಲಯಗಳು ಕಷ್ಟ. ಭಾಗಮಂಡಲದ ಭಗಂಡೇಶ್ವರ, ಕಕ್ಕಬ್ಬೆ ಬಳಿಯ ಪಾಡಿ ಇಗ್ಗುತಪ್ಪ, ದಕ್ಷಿಣ ಕನ್ನಡ ಮತ್ತು ಕೇರಳದ ಹಲವು ದೇವಾಲಯಗಳು ಕೇರಳ ಶೈಲಿಯವು. ಇಲ್ಲಿ ಕಟ್ಟಡವನ್ನು ಬಿಟ್ಟು ಅದರ ಸುತ್ತಲಿನದನ್ನು ನೋಡಬೇಕು. ಹತ್ತಿರದಲ್ಲೇ ನದಿಗಳ ಸಂಗಮವಿದ್ದರೆ ಭಾಗಮಂಡಲದ ಸಾಧ್ಯತೆ ಹೆಚ್ಚು. ಅಲ್ಲಿನ ಮೇಲ್ಸೇತುವೆ ಈಚಿನ ವರ್ಷಗಳದ್ದಾದ್ದರಿಂದ ಅದು ಕಾಣುತ್ತಿದೆಯೇ ಇಲ್ಲವೇ ಎಂಬುದು ಚಿತ್ರದ ವಯಸ್ಸನ್ನೂ ಹೇಳುತ್ತದೆ. ತಡಿಯಂಡಮೋಳ್ ಬೆಟ್ಟದ ತಪ್ಪಲಿನ ನಾಲ್ಕುನಾಡು ಅರಮನೆಯನ್ನು ದೊಡ್ಡ ಐನ್‌ಮನೆ ಎಂದುಕೊಳ್ಳುವುದೂ ಸಾಮಾನ್ಯ. ಅದು ಎರಡಂತಸ್ತಿನದು, ಮುಂದೆ ಪ್ರತ್ಯೇಕ ಮಂಟಪವಿದೆ.

## ಹಂತ 8: ನೀರು ಮತ್ತು ಬೆಟ್ಟ

ಜಲಪಾತಗಳಲ್ಲಿ ನೀರಿನ ಪ್ರಮಾಣವನ್ನು ನೋಡಬೇಡಿ, ಅದು ಜುಲೈಯಿಂದ ಮಾರ್ಚ್‌ಗೆ ಗುರುತೇ ಸಿಗದಷ್ಟು ಬದಲಾಗುತ್ತದೆ. ಬಂಡೆಯ ಆಕಾರ ಮತ್ತು ಚಿತ್ರ ತೆಗೆದವರು ನಿಂತ ಎತ್ತರವನ್ನು ನೋಡಿ. ಅಬ್ಬಿಯನ್ನು ಎದುರಿನಿಂದ, ಮೆಟ್ಟಿಲಿಳಿದು ಹೋಗಿ ನೋಡುತ್ತಾರೆ. ಹಳೆಯ ಚಿತ್ರಗಳಲ್ಲಿ ಎದುರಿಗೆ ತೂಗುಸೇತುವೆಯೂ ಕಾಣುತ್ತದೆ. ಸೋಮವಾರಪೇಟೆ ಕಡೆಯ ಮಲ್ಲಳ್ಳಿ ಆಳವಾದ ಕಮರಿಗೆ ಬೀಳುವುದರಿಂದ ಹೆಚ್ಚಿನ ಚಿತ್ರಗಳು ಮೇಲಿನಿಂದ ತೆಗೆದವು. ಬ್ರಹ್ಮಗಿರಿಯ ಇರ್ಪು ಕಾಡಿನೊಳಗೆ ಹಂತಹಂತವಾಗಿ ಇಳಿಯುತ್ತದೆ. ಚೆಯ್ಯಂಡಾಣೆ ಬಳಿಯ ಚೇಲಾವರದಲ್ಲಿ ನೀರು ಅಗಲವಾದ ಉಬ್ಬುಬಂಡೆಯ ಮೇಲೆ ಹರಡಿಕೊಂಡು ಜಾರುತ್ತದೆ.

ತೂಗುಸೇತುವೆ ಕಂಡಕೂಡಲೇ ಕಾವೇರಿ ನಿಸರ್ಗಧಾಮ ಎನ್ನಬೇಡಿ; ಆಚೆ ದಡದಲ್ಲಿ ಬಿದಿರು ಮೆಳೆಗಳಿದ್ದರೆ ಮಾತ್ರ ಆ ಕಡೆ ಯೋಚಿಸಿ. ಆನೆಗಳಿಗೆ ಸ್ನಾನ ಮಾಡಿಸುವ ಚಿತ್ರದಲ್ಲಿ ಬಂಡೆಗಳ ನಡುವೆ ಹರಿಯುವ ನದಿ ಇದ್ದರೆ ದುಬಾರೆ, ವಿಶಾಲವಾದ ನಿಂತ ಹಿನ್ನೀರಿದ್ದರೆ ಶಿವಮೊಗ್ಗದ ಸಕ್ರೆಬೈಲು. ಅರ್ಧವೃತ್ತದ ಅಂಚಿನಿಂದ ನೀರು ಒಳಕ್ಕೆ ಧುಮುಕುವ ಜಲಾಶಯ ಚಿಕ್ಲಿಹೊಳೆ. ಹಾರಂಗಿಯದು ಗೇಟುಗಳಿರುವ ದೊಡ್ಡ ಅಣೆಕಟ್ಟು.

ಹುಲ್ಲುಬೆಟ್ಟಗಳಿಗೆ ಒಂದೇ ದಾರಿ: ಬೆಟ್ಟದ ನೆತ್ತಿಯ ರೇಖೆಯನ್ನು ಹಾಳೆಯ ಮೇಲೆ ಗೀಚಿಕೊಂಡು, ಗೂಗಲ್ ಅರ್ಥ್‌ನಲ್ಲಿ ಸಂಶಯವಿರುವ ಜಾಗದಲ್ಲಿ ನೆಲಮಟ್ಟಕ್ಕೆ ಇಳಿದು ಸುತ್ತಲೂ ತಿರುಗಿ ನೋಡುವುದು. ಹತ್ತಿರದ ಗುಡ್ಡವನ್ನು ಹೋಲಿಸಬೇಡಿ, ಹಿಂದಿನ ಎರಡನೆಯ ಮತ್ತು ಮೂರನೆಯ ಸಾಲನ್ನು ಹೋಲಿಸಿ, ಏಕೆಂದರೆ ಹತ್ತಿರದ ಗುಡ್ಡದ ಆಕಾರ ಕೆಲವು ಹೆಜ್ಜೆ ಸರಿದರೂ ಬದಲಾಗುತ್ತದೆ. ಚಿತ್ರದ ಕಾಲವನ್ನೂ ಮರೆಯಬೇಡಿ. 2018ರ ಆಗಸ್ಟ್‌ನ ಭೂಕುಸಿತಗಳಲ್ಲಿ ಜೋಡುಪಾಲ, ಮಕ್ಕಂದೂರಿನ ಸುತ್ತ ಬೆಟ್ಟಗಳ ಮೈ ಬದಲಾಯಿತು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿಯಿತು. ಹಳೆಯ ಚಿತ್ರ ಇಂದಿನ ಉಪಗ್ರಹ ನೋಟಕ್ಕೆ ಹೊಂದದಿದ್ದರೆ ಹಿಂದಿನ ವರ್ಷಗಳ ನೋಟವನ್ನು ತೆರೆದು ನೋಡಬೇಕು.

## ಹಂತ 9: ಈಗ ಲೆನ್ಸ್, ಆಮೇಲೆ ಭೂಪಟ

ಇಡೀ ಚಿತ್ರವನ್ನು ಲೆನ್ಸ್‌ಗೆ ಕೊಟ್ಟರೆ ಅದು ‘ಇಂಥದ್ದೇ ಹಸಿರು’ ಇರುವ ಸಾವಿರ ಚಿತ್ರಗಳನ್ನು ತಂದು ಸುರಿಯುತ್ತದೆ. ಕಟ್ಟಡ, ಫಲಕ, ಸೇತುವೆ ಹೀಗೆ ಒಂದೊಂದು ತುಂಡನ್ನು ಕತ್ತರಿಸಿ ಬೇರೆಬೇರೆಯಾಗಿ ಹುಡುಕಬೇಕು. ಸಿಕ್ಕ ಚಿತ್ರದ ಶೀರ್ಷಿಕೆಯನ್ನು ನಂಬುವಂತಿಲ್ಲ: ಮುನ್ನಾರಿನ ಚಹಾ ತೋಟ ‘ಕೂರ್ಗ್’ ಎಂಬ ಹೆಸರಿನಲ್ಲಿ ಓಡಾಡುವುದು ಹೊಸದೇನಲ್ಲ, ಒಬ್ಬರು ತಪ್ಪು ಬರೆದರೆ ಹತ್ತು ಜಾಲತಾಣಗಳು ಅದನ್ನೇ ನಕಲು ಮಾಡುತ್ತವೆ. ಬೇರೆಬೇರೆ ಜನ, ಬೇರೆಬೇರೆ ಕೋನದಿಂದ ತೆಗೆದ ಕನಿಷ್ಠ ಎರಡು ಚಿತ್ರಗಳು ಒಂದೇ ಜಾಗ ಹೇಳಿದಾಗ ಮಾತ್ರ ಮುಂದುವರಿಯಿರಿ.

ಭೂಪಟದಲ್ಲಿ ಪರಿಶೀಲಿಸುವಾಗ ರಸ್ತೆಯ ತಿರುವು, ಕಟ್ಟಡದ ಮಾಡಿನ ಆಕಾರ, ಹೊಳೆಯ ಬಾಗು ಈ ಮೂರೂ ಹೊಂದಬೇಕು. ಕೊಡಗಿನ ಒಳರಸ್ತೆಗಳಲ್ಲಿ ಬೀದಿನೋಟ ಸಿಗದಿರುವುದೇ ಹೆಚ್ಚು. ಬಳಕೆದಾರರು ಸೇರಿಸಿದ ಚಿತ್ರಗಳು ಸಿಗುತ್ತವೆ, ಆದರೆ ಅವನ್ನು ಪಕ್ಕದ ಊರಿಗೆ ಅಂಟಿಸಿರುವುದೂ ಉಂಟು.

ಒಂದು ಕಲ್ಪಿತ ಚಿತ್ರವನ್ನು ತೆಗೆದುಕೊಳ್ಳಿ: ಒದ್ದೆ ಡಾಂಬರು ರಸ್ತೆ, ಹೆಂಚಿನ ಮಾಡಿನ ಅಂಗಡಿ, ಅದರ ಮೇಲೆ ಕನ್ನಡ ಮತ್ತು ಮಲಯಾಳಂ ಬರಹ, ದೊಡ್ಡ ಎಲೆಯ ಕಾಫಿ, ಅರ್ಧ ಕಾಣುವ ಆಟೊದ ಮೇಲೆ ಕೆಎ–12, ಹಸಿರು ತಲೆಯ ಮೈಲಿಗಲ್ಲು, ದೂರದಲ್ಲಿ ನೀರು ತುಂಬಿದ ಗದ್ದೆ. ಆಟೊ ವಯನಾಡನ್ನು ಹಿಂದಕ್ಕೆ ತಳ್ಳಿತು, ಹಸಿರು ಕಲ್ಲು ಹೆದ್ದಾರಿ 275ನ್ನು ತೆಗೆಯಿತು, ಮಲಯಾಳಂ ಮತ್ತು ರೊಬಸ್ಟಾ ದಕ್ಷಿಣ ಕೊಡಗಿಗೆ ಕರೆದೊಯ್ದವು, ಗದ್ದೆ ಜುಲೈ–ಆಗಸ್ಟ್ ಎಂದಿತು. ಇಷ್ಟಾದರೂ ಊರಿನ ಹೆಸರು ಬಂದಿಲ್ಲ ಎಂಬುದನ್ನು ಗಮನಿಸಿ. ಕುಟ್ಟ, ಶ್ರೀಮಂಗಲ, ಪೊನ್ನಂಪೇಟೆಯ ರಾಜ್ಯ ಹೆದ್ದಾರಿಗಳ ಪಕ್ಕದಲ್ಲಿ ಗದ್ದೆಬಯಲು ಎಲ್ಲೆಲ್ಲಿ ರಸ್ತೆಗೆ ತಾಗುತ್ತದೆ ಎಂದು ಉಪಗ್ರಹ ನೋಟದಲ್ಲಿ ಹುಡುಕುವುದು ಉಳಿದ ಕೆಲಸ, ಅದಕ್ಕೆ ತಾಳ್ಮೆ ಬಿಟ್ಟು ಬೇರೆ ಉಪಾಯವಿಲ್ಲ.

## ಹಂತ 10: ಉತ್ತರ ಬರೆಯುವ ರೀತಿ

ಉತ್ತರದಲ್ಲಿ ಜಿಲ್ಲೆ, ತಾಲ್ಲೂಕು, ಊರು, ಚಿತ್ರ ತೆಗೆದವರು ನಿಂತ ಜಾಗ, ನೋಡುತ್ತಿರುವ ದಿಕ್ಕು, ಅಂದಾಜು ತಿಂಗಳು ಇವನ್ನು ಈ ಕ್ರಮದಲ್ಲಿ ಬರೆಯಿರಿ, ಖಚಿತವಿರುವಲ್ಲಿಗೆ ನಿಲ್ಲಿಸಿ. ‘ಪೊನ್ನಂಪೇಟೆ ತಾಲ್ಲೂಕು, ಕುಟ್ಟ ರಸ್ತೆ, ಊರು ತಿಳಿಯದು’ ಎಂಬ ಉತ್ತರ ‘ಕುಟ್ಟ’ ಎಂಬ ಅಂದಾಜಿಗಿಂತ ಮೇಲು. ಪ್ರತಿ ತೀರ್ಮಾನದ ಪಕ್ಕದಲ್ಲಿ ಅದಕ್ಕೆ ಆಧಾರವಾದ ಕುರುಹನ್ನು ಬರೆಯಿರಿ, ನಿಮ್ಮ ಉತ್ತರಕ್ಕೆ ಹೊಂದದ ಕುರುಹು ಒಂದಾದರೂ ಉಳಿದಿದ್ದರೆ ಅದನ್ನೂ ಬರೆಯಿರಿ. ಹೊಂದದ ಕುರುಹನ್ನು ‘ಏನೋ ಇರಬೇಕು’ ಎಂದು ಬದಿಗೆ ಸರಿಸಿದಾಗಲೇ ಉತ್ತರ ತಪ್ಪುವುದು.

ಗೊತ್ತಾದರೂ ಹೇಳಬಾರದ ಜಾಗಗಳಿವೆ. ಐನ್‌ಮನೆಗಳೂ ಕಾಫಿ ತೋಟಗಳೂ ಖಾಸಗಿ ಆಸ್ತಿ. ಹೋಂಸ್ಟೇ ಎಂದು ತೆರೆದಿಡದ ಮನೆಯ ನಿಖರ ಜಾಗವನ್ನು ಬಹಿರಂಗಪಡಿಸಿದರೆ ಮರುವಾರವೇ ಗೇಟಿನ ಮುಂದೆ ಅಪರಿಚಿತ ಕಾರುಗಳು ನಿಲ್ಲುತ್ತವೆ. ಯಾರದೋ ಮನೆಯ ಮಕ್ಕಳಿರುವ ಚಿತ್ರ, ಒಂಟಿಯಾಗಿ ಪ್ರಯಾಣಿಸುತ್ತಿರುವವರು ಅದೇ ದಿನ ಹಾಕಿದ ಚಿತ್ರ, ಕಾಡಿನಲ್ಲಿ ಹುಲಿಯೋ ಅಪರೂಪದ ಆರ್ಕಿಡೋ ಕಂಡ ಚಿತ್ರ ಇವುಗಳಿಗೆ ಜಿಲ್ಲೆಯ ಹೆಸರಿನ ಆಚೆಗೆ ಉತ್ತರ ಕೊಡಬೇಡಿ. ಸ್ಪರ್ಧೆ ನಡೆಸುವವರು ಅಂತಹ ಚಿತ್ರವನ್ನೇ ಕೊಟ್ಟಿದ್ದರೆ ಅದನ್ನು ತೆಗೆಯುವಂತೆ ಅವರಿಗೆ ಖಾಸಗಿಯಾಗಿ ತಿಳಿಸಿ.